ಹಾಳೆಯಲ್ಲಿ ಇದ್ದ ಹಾಗೆ

ಫೆಬ್ರವರಿ ೨, ಭಾನುವಾರ

ಹಾಳೆಗಳನ್ನೆಲ್ಲ ಹಂಚಿಯಾಯಿತು. ಅರವತ್ತನಾಲ್ಕು ಹಾಳೆ, ಒಂದೂ ಉಳಿಯಲಿಲ್ಲ.

ನಮ್ಮ ಚರ್ಚಿಗೆ ಎಪ್ಪತ್ತೈದು ವರ್ಷ ತುಂಬುತ್ತಿದೆ. ನಾಲ್ಕು ಸುವಾರ್ತೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು ಸಭೆಯವರೇ ಕೈಯಾರೆ ಬರೆದು ಪುಸ್ತಕ ಮಾಡೋಣ ಎಂದು ಪಾದ್ರಿಗಳು ಹೇಳಿದಾಗ ಎಲ್ಲರೂ ನನ್ನ ಕಡೆ ತಿರುಗಿದರು. ತಿರುಗದೆ ಏನು ಮಾಡಿಯಾರು? ಮೂವತ್ತೊಂದು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿದವಳು ಇಲ್ಲಿ ನಾನೊಬ್ಬಳೇ. ಬಿಸ್ಕತ್ತಿನ ಪೊಟ್ಟಣದ ಮೇಲಿನ ಅಚ್ಚಿನ ತಪ್ಪಿಗೂ ಕಂಪನಿಗೆ ಕಾಗದ ಬರೆದವಳು ನಾನು.

ಅಚ್ಚಾದ ಪುಸ್ತಕದ ಅಕ್ಷರ ಸಣ್ಣದು, ಬರೆಯುವವರಲ್ಲಿ ಅರ್ಧ ಜನ ಕನ್ನಡಕದವರು. ಅದಕ್ಕೇ ಇಡೀ ಸುವಾರ್ತೆಯನ್ನು ಕಂಪ್ಯೂಟರಿನಲ್ಲಿ ದಪ್ಪ ಅಕ್ಷರದಲ್ಲಿ ಟೈಪ್ ಮಾಡಿ ಮೂವತ್ತೆರಡು ಭಾಗ ಮಾಡಿದೆ. ಒಂದೊಂದು ಭಾಗವನ್ನು ಇಬ್ಬರು ಬರೆಯಬೇಕು. ಒಂದು ಪುಸ್ತಕ ಚರ್ಚಿಗೆ, ಇನ್ನೊಂದು ಆಸ್ಪತ್ರೆಯ ಪ್ರಾರ್ಥನಾ ಕೋಣೆಗೆ. ನಾನೇ ಟೈಪ್ ಮಾಡಿ ನಾನೇ ತಿದ್ದಿದೆ. ಪ್ರೆಸ್ಸಿನಲ್ಲಿ ಹಾಗೆ ಮಾಡುವಂತಿರಲಿಲ್ಲ. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಬೆರಳಿಟ್ಟು ನೋಡುತ್ತಾ ಹೋಗಬೇಕು, ಅದು ಅಲ್ಲಿನ ಕಟ್ಟುನಿಟ್ಟು. ಆದರೆ ಇಲ್ಲಿ ನನ್ನ ಜೊತೆ ಕೂತು ಓದುವಷ್ಟು ತಾಳ್ಮೆ ಯಾರಿಗಿದೆ?

ಆರಾಧನೆ ಮುಗಿದ ಮೇಲೆ ಸಭಾಂಗಣದಲ್ಲಿ ಎಲ್ಲರಿಗೂ ಹೇಳಿದೆ: "ಹಾಳೆಯಲ್ಲಿ ಇದ್ದ ಹಾಗೇ ಬರೆಯಿರಿ. ಸ್ವಂತ ಬುದ್ಧಿ ಓಡಿಸಬೇಡಿ. ಬಾಯಿಪಾಠ ಬರುತ್ತೆ ಅಂತ ಹಾಳೆ ನೋಡದೆ ಬರೆಯಬೇಡಿ. ಸಾವಿರಾರು ವರ್ಷ ಕೈಯಿಂದ ಕೈಗೆ ಬಂದಿರೋ ಮಾತು ಇದು, ಒಂದಕ್ಷರ ಬದಲಾಗಿಲ್ಲ. ನಮ್ಮ ಕೈಯಲ್ಲೂ ಬದಲಾಗಬಾರದು." ಚೆನ್ನಾಗಿಯೇ ಚಪ್ಪಾಳೆ ಬಿತ್ತು.

ತಟ್ಟದವನು ಒಬ್ಬನೇ, ನನ್ನ ತಂಗಿಯ ಮಗ. ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಭಾನುವಾರ ನನ್ನನ್ನು ಚರ್ಚಿಗೆ ಬಿಟ್ಟು, ಹಿಂದಿನ ಬೆಂಚಿನಲ್ಲಿ ಕಾಲು ಚಾಚಿ ಕೂತು, ಮಧ್ಯಾಹ್ನ ನನ್ನ ಮನೆಯಲ್ಲಿ ಉಂಡು ಹೋಗುತ್ತಾನೆ. ಊಟಕ್ಕೆ ಕೂತಾಗ ಶುರು ಮಾಡಿದ.

"ದೊಡ್ಡಮ್ಮ, ಒಂದಕ್ಷರ ಬದಲಾಗಿಲ್ಲ ಅಂತ ನಿಮಗ್ಯಾರು ಹೇಳಿದ್ರು? ಮೊದಲು ಬರೆದ ಪ್ರತಿಯೇ ಸಿಕ್ಕಿಲ್ಲ. ಇರೋದೆಲ್ಲ ನಕಲಿನ ನಕಲು. ಹಳೇ ಕೈಬರಹದ ಪ್ರತಿಗಳು ಸಾವಿರಾರಿವೆ, ಒಂದಿದ್ದ ಹಾಗೆ ಇನ್ನೊಂದಿಲ್ಲ."

"ಅಂದ್ರೆ ಎಲ್ಲಾ ಸುಳ್ಳು ಅಂತಲೋ?"

"ಸುಳ್ಳು ಅಂತ ನಾನೆಲ್ಲಿ ಅಂದೆ? ಮುಕ್ಕಾಲು ಪಾಲು ಚಿಲ್ಲರೆ ತಪ್ಪುಗಳು. ಕಣ್ಣು ಜಾರಿದ್ದು, ಸಾಲು ಬಿಟ್ಟಿದ್ದು. ಅದರಿಂದ ಒಂದು ಉಪಕಾರಾನೂ ಇದೆ. ಇಬ್ಬರು ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡಿದ್ರೆ, ಅವರಿಬ್ಬರ ಮುಂದಿದ್ದ ಹಾಳೇಲೇ ಆ ತಪ್ಪಿತ್ತು ಅಂತ ಗೊತ್ತಾಗುತ್ತೆ."

"ಬಾಯಿ ಮುಚ್ಚಿಕೊಂಡು ಊಟ ಮಾಡು" ಎಂದೆ. ಬಾಯಿ ಮುಚ್ಚಿಕೊಂಡು ಊಟ ಮಾಡುವುದು ಹೇಗೆ ಎಂದು ಕೇಳಿ ನಗಿಸಿದ, ಕತ್ತೆ.

ಫೆಬ್ರವರಿ ೧೩, ಗುರುವಾರ

ಪುಟಗಳು ಬರತೊಡಗಿವೆ. ಜೊತೆಗೆ ನಾನು ಕೊಟ್ಟ ಹಾಳೆಯನ್ನೂ ವಾಪಸು ಕೊಡಬೇಕೆಂದು ಹೇಳಿದ್ದೆ, ಅವೆಲ್ಲ ಮೇಜಿನ ಕೆಳಗಿನ ಖಾನೆಗೆ ಹೋಗುತ್ತಿವೆ. ಬರೆದ ಪುಟವನ್ನು ಅಚ್ಚಿನ ಪುಸ್ತಕದ ಪಕ್ಕಕ್ಕಿಟ್ಟು, ಅಡಿಪಟ್ಟಿ ಹಿಡಿದು ಸಾಲು ಸಾಲಾಗಿ ನೋಡುವುದು ನನ್ನ ಬೆಳಗಿನ ಕೆಲಸ. ಎಷ್ಟು ವರ್ಷವಾಯಿತು ಇಷ್ಟು ಖುಷಿಯಿಂದ ಎದ್ದು.

ನಿವೃತ್ತ ಹೆಡ್‌ಮಾಸ್ಟರರು ಬೇರೆ ಸುವಾರ್ತೆಯ ಮಾತೊಂದನ್ನು ತಂದು ಇಲ್ಲಿ ಸೇರಿಸಿದ್ದಾರೆ. ಕೇಳಿದರೆ "ಹೀಗಿದ್ರೆ ಅರ್ಥ ಪೂರ್ತಿ ಆಗುತ್ತಮ್ಮ" ಎಂದರು. ದೇವರ ಮಾತಿಗೂ ಮಾರ್ಕು ಹಾಕುವ ಚಟ. ವಾಪಸು ಕಳಿಸಿದೆ. ಬೇಕರಿಯವಳು ಅಂಚಿಗೆಲ್ಲ ಬಳ್ಳಿ ಬಿಡಿಸಿದ್ದಾಳೆ, ಇರಲಿ ಬಿಟ್ಟೆ.

ಟೈಲರಣ್ಣ ತಮ್ಮ ಪುಟವನ್ನು ತಾವೇ ತಂದುಕೊಟ್ಟರು, ಹೊಸ ಅಂಗಿಯೊಳಗೆ ಇಡುವ ರಟ್ಟಿನ ನಡುವೆ ಇಟ್ಟು, ಮಡಿಕೆ ಬೀಳದ ಹಾಗೆ. ನಾನು ಕೆಲಸಕ್ಕೆ ಸೇರಿದಾಗ ಹಾಕಿಕೊಂಡಿದ್ದ ಕೋಟು ಅವರು ಹೊಲಿದದ್ದು. ಆಗಿನಿಂದ ನನ್ನನ್ನು ತಂಗಿ ಎಂದೇ ಕರೆಯುವುದು. ಎಪ್ಪತ್ತೆರಡಾದರೂ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸವನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ. ಮಗ ಹೊಲಿಯುತ್ತಾನೆ, ಸೊಸೆ ಗಿರಾಕಿಗಳನ್ನು ನೋಡುತ್ತಾಳೆ. ಅಕ್ಷರ ಎಷ್ಟು ಚೆಂದ! ಒತ್ತಾಗಿ, ನೇರವಾಗಿ, ಕಾಲರಿನ ಹೊಲಿಗೆಯ ಹಾಗೆ. ಅವರದು ಶಿಷ್ಯ ಪೇತ್ರನ ಭಾಗ, ಗುರುವನ್ನು ಹಿಡಿದುಕೊಂಡು ಹೋದ ಮೇಲೆ ಅಂಗಳದಲ್ಲಿ ಬೆಂಕಿಗೆ ಮೈ ಕಾಯಿಸಿಕೊಳ್ಳುತ್ತಾ, ಆ ಮನುಷ್ಯನನ್ನು ಅರಿಯೆ ಎಂದು ಮೂರು ಸಲ ಹೇಳುವ ಭಾಗ. ನಾಳೆ ನೋಡಬೇಕು.

ಫೆಬ್ರವರಿ ೨೩, ಭಾನುವಾರ

ಇವತ್ತು ಒಳ್ಳೆ ನಗು.

ಈವರೆಗೆ ಸಿಕ್ಕ ತಪ್ಪುಗಳನ್ನು ಸಭಾಂಗಣದಲ್ಲಿ ಎಲ್ಲರ ಮುಂದೆ ತೋರಿಸಿದೆ. ಮುಂದೆ ಬರೆಯುವವರು ಎಚ್ಚರವಾಗಿರಲಿ ಎಂದು. ಹೆಡ್‌ಮಾಸ್ಟರರದು ಆಯಿತು, ಟೈಲರಣ್ಣನದು ಬಂತು. ಅವರ ಪುಟದಲ್ಲಿ ನಡುವಿನ ಒಂದು ವಾಕ್ಯವೇ ಇಲ್ಲ. ಒಂದೇ ಪದ ಹತ್ತಿರ ಹತ್ತಿರದ ಎರಡು ಸಾಲಿನಲ್ಲಿದೆ. ಮೊದಲನೆಯದನ್ನು ಬರೆದು ತಲೆಯೆತ್ತಿ, ಮತ್ತೆ ನೋಡುವಾಗ ಕಣ್ಣು ಎರಡನೆಯದರ ಮೇಲೆ ಕೂತಿದೆ. ನಡುವಿನದೆಲ್ಲ ಮಾಯ. ಪೇತ್ರ ಎರಡೇ ಸಲ ಸುಳ್ಳು ಹೇಳಿ ಅತ್ತುಬಿಡುತ್ತಾನೆ.

ಪುಟವನ್ನು ಎತ್ತಿ ಹಿಡಿದು "ನಮ್ಮ ಟೈಲರಣ್ಣ ಪೇತ್ರನಿಗೆ ಒಂದು ಸುಳ್ಳು ಕತ್ತರಿಸಿ ಕೊಟ್ಟಿದ್ದಾರೆ, ಅಳತೆಗೆ ಸರಿಯಾಗಲಿ ಅಂತ" ಎಂದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾದ್ರಿಗಳೂ ನಕ್ಕರು.

ಟೈಲರಣ್ಣ ಎದ್ದು ಬಂದು ಕನ್ನಡಕ ತೆಗೆದು ಒರೆಸಿ, ಪುಟ ನೋಡಿದರು. "ಹಾಳೇಲಿ ಇದ್ದ ಹಾಗೇ ಬರ್ದಿದ್ದೀನಿ, ತಂಗಿ."

"ಕಣ್ಣು ಬಿಟ್ಕೊಂಡು ಬರ್ದಿದ್ರೆ ಇದ್ದ ಹಾಗೇ ಬರ್ತಿತ್ತು, ಅಣ್ಣ" ಎಂದೆ. ಮತ್ತೆ ನಗು. ಅವರೂ ಸ್ವಲ್ಪ ನಕ್ಕ ಹಾಗೆ ಕಂಡಿತು. ಅವರ ಮಗ ಮಾತ್ರ ನಗಲಿಲ್ಲ, ಅಪ್ಪನನ್ನೇ ನೋಡುತ್ತಿದ್ದ.

ಆ ಪುಟವನ್ನು ನಾನೇ ಅಚ್ಚಿನ ಪುಸ್ತಕ ನೋಡಿ ಮತ್ತೆ ಬರೆದೆ.

ಫೆಬ್ರವರಿ ೨೮, ಶುಕ್ರವಾರ

ಬೇಕರಿಯವಳು ಹೇಳಿದಳು, ಟೈಲರ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸಲು ಹೊಸಬ ಬಂದಿದ್ದಾನಂತೆ. ಅಣ್ಣನಿಗೆ ಗುಂಡಿ ಹಾಕುವ ಕೆಲಸ. "ಕಣ್ಣು ಪೂರ್ತಿ ಹೋಗಿದೆಯಂತೆ, ಪಾಪ. ಅವತ್ತು ಚರ್ಚಿನಲ್ಲೇ ಗೊತ್ತಾಯ್ತಲ್ಲ" ಎಂದಳು. ವಯಸ್ಸು ಯಾರನ್ನೂ ಬಿಡುವುದಿಲ್ಲ. ಆದರೂ ಮನಸ್ಸಿಗೆ ಪಿಚ್ಚೆನಿಸಿತು.

ಮಾರ್ಚ್ ೬, ಗುರುವಾರ

ನಿವೃತ್ತ ನರ್ಸಮ್ಮನ ಪುಟ ಬಂತು. ತಡವಾಯಿತೆಂದು ಹತ್ತು ಸಲ ಕ್ಷಮೆ ಕೇಳಿ, ಹಾಳೆಯನ್ನೂ ಕೊಟ್ಟು ಹೋದರು. ಎರಡನೆಯ ಪುಸ್ತಕಕ್ಕೆ ಪೇತ್ರನ ಭಾಗ ಅವರದು.

ಅವರ ಪುಟದಲ್ಲೂ ಆ ವಾಕ್ಯವಿಲ್ಲ. ಅದೇ ಜಾಗ. ಅದೇ ವಾಕ್ಯ.

ಮೊದಲು ನಗು ಬಂತು. ಇವರ ಕಣ್ಣೂ ಹೋಯಿತೇ ಎಂದುಕೊಂಡೆ. ಅಡಿಪಟ್ಟಿ ಕೈಯಲ್ಲೇ ಇತ್ತು. ಆಮೇಲೆ ಆ ಭಾನುವಾರ ಊಟಕ್ಕೆ ಕೂತಾಗ ತಂಗಿಯ ಮಗ ಹೇಳಿದ್ದು ನೆನಪಾಯಿತು, ಇಬ್ಬರು ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡಿದರೆ ಎಂದದ್ದು. ಖಾನೆಗೆ ಹಾಕಿದ್ದ ನರ್ಸಮ್ಮನ ಹಾಳೆ ತೆಗೆದು ನೋಡಿದೆ.

ಹಾಳೆಯಲ್ಲಿ ಆ ವಾಕ್ಯವಿಲ್ಲ. ನಾನು ಟೈಪ್ ಮಾಡಿಲ್ಲ. ಜಾರಿದ್ದು ನನ್ನ ಕಣ್ಣು.

ಟೈಲರಣ್ಣನ ಹಾಳೆಯನ್ನೂ ತೆಗೆದು ನೋಡಿದೆ, ಅದು ಬೇರೆಯಾಗಿರಲು ಸಾಧ್ಯವೇ ಇಲ್ಲವೆಂದು ಗೊತ್ತಿದ್ದರೂ. ಮೂಲೆಯಲ್ಲಿ ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣದ ನೀಲಿ ಗುರುತು. ಒಂದೊಂದು ಸಾಲು ಬರೆದಾದ ಮೇಲೆ ಅಂಚಿನಲ್ಲಿ ಒಂದೊಂದು ಚುಕ್ಕಿ ಇಟ್ಟುಕೊಂಡಿದ್ದಾರೆ, ಯಾವ ಸಾಲೂ ತಪ್ಪಬಾರದೆಂದು. ಎಲ್ಲ ಸಾಲಿಗೂ ಚುಕ್ಕಿ ಇದೆ.

ಮಾರ್ಚ್ ೭, ಶುಕ್ರವಾರ

ಬೆಳಿಗ್ಗೆ ಪಾದ್ರಿಗಳ ಹತ್ತಿರ ಹೋಗಿ ಹೇಳಿಬಿಡಬೇಕು ಎಂದುಕೊಂಡು ಸೀರೆ ಉಟ್ಟೆ. ಹೋಗಲಿಲ್ಲ. ಬದಲಿಗೆ ನರ್ಸಮ್ಮನ ಪುಟ ತೆಗೆದುಕೊಂಡು, ಅವರ ಪೆನ್ನಿನಂಥದೇ ಪೆನ್ನು ಹುಡುಕಿ, ಅವರ ಹಾಗೇ ಗುಂಡಗುಂಡಗೆ ಬರೆದು, ಬಿಟ್ಟುಹೋದ ವಾಕ್ಯವನ್ನು ಸಾಲುಗಳ ನಡುವೆ ತುರುಕಿದೆ. ಯಾರಿಗೂ ಗೊತ್ತಾಗುವುದಿಲ್ಲ. ಅವರೇ ಮರೆತು ಆಮೇಲೆ ಸೇರಿಸಿದ ಹಾಗೆ ಕಾಣುತ್ತದೆ.

ಅರವತ್ತನಾಲ್ಕು ವರ್ಷಕ್ಕೆ ಇನ್ನೊಬ್ಬರ ಅಕ್ಷರ ಕದಿಯಲು ಕಲಿತೆ.

ಮಾರ್ಚ್ ೯, ಭಾನುವಾರ

ಆರಾಧನೆಯ ನಂತರ ಪಾದ್ರಿಗಳು ಪಕ್ಕಕ್ಕೆ ಕರೆದರು. ಟೈಲರಣ್ಣ ಎರಡು ವಾರದಿಂದ ಚರ್ಚಿಗೆ ಬಂದಿಲ್ಲ. ನೋಡಲು ಹೋದಾಗ, ಹಾಳೆಯಲ್ಲೇ ಇರಲಿಲ್ಲವೇನೋ ಎಂದರಂತೆ.

"ನೀವು ಕೊಟ್ಟ ಹಾಳೆ ಸರಿಯಾಗೇ ಇತ್ತಲ್ಲಮ್ಮ?"

"ಸರಿಯಾಗೇ ಇತ್ತು, ಅಯ್ಯನವರೇ" ಎಂದೆ.

"ಅಯ್ಯೋ, ನಿಮ್ಮನ್ನ ಕೇಳಿದ್ದೇ ತಪ್ಪು. ನಿಮ್ಮ ಕೆಲಸ ನಮಗೆ ಗೊತ್ತಿಲ್ವಾ" ಎಂದು ಕೈ ಮುಗಿದರು. ನನಗೆ ಕೈ ಮುಗಿದರು.

ತಂಗಿಯ ಮಗ ಊಟಕ್ಕೆ ಕೂತು ಯಾಕೆ ಸಪ್ಪಗಿದ್ದೀರಿ ಎಂದು ಕೇಳಿದ. ತಲೆನೋವು ಎಂದೆ. ಅದೂ ಸುಳ್ಳಲ್ಲ.

ಮಾರ್ಚ್ ೧೩, ಗುರುವಾರ

ಬೇಕರಿಯ ಮುಂದೆ ಟೈಲರಣ್ಣನ ಸೊಸೆ ಸಿಕ್ಕಳು. ನೋಡದ ಹಾಗೆ ಹೋಗೋಣವೆಂದರೆ ನೇರ ಎದುರಿಗೇ ಬಂದು ನಿಂತಳು.

"ಆಂಟಿ, ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡಿ. ಮಾವ ದಿನಾ ಅದನ್ನೇ ಹೇಳ್ತಾರೆ. ಹಾಳೇಲಿ ಇರಲಿಲ್ಲ, ಇರಲಿಲ್ಲ ಅಂತ. ಒಮ್ಮೊಮ್ಮೆ, ಇತ್ತೇನೋ ನನಗೇ ಕಾಣಲಿಲ್ಲವೇನೋ ಅಂತಾರೆ. ನಮ್ಮ ಮನೆಯವರು ಕತ್ತರಿ ತೆಗೆದಿಟ್ಟಿದ್ದಾರೆ. ಗಿರಾಕಿ ಬಟ್ಟೆ ಹಾಳಾದ್ರೆ ಅಂತ ಭಯ. ನಿಜ ಹೇಳಿ, ಹಾಳೇಲಿ ಇತ್ತಾ?"

"ಇಲ್ದೆ ಎಲ್ಲಿಗೆ ಹೋಗುತ್ತೆ, ಮಗಳೇ? ವಯಸ್ಸಾಯ್ತಲ್ಲ, ಏನೋ ಆಗಿರುತ್ತೆ. ಅವರನ್ನ ಚೆನ್ನಾಗಿ ನೋಡ್ಕೋ" ಎಂದೆ.

ಚೆನ್ನಾಗಿ ನೋಡಿಕೋ ಎಂದು ಬುದ್ಧಿವಾದ ಬೇರೆ. ಮನೆಗೆ ಬಂದು ಕನ್ನಡಿ ನೋಡಲಿಲ್ಲ. ತಲೆ ಬಾಚದೆಯೇ ಕೂತಿದ್ದೇನೆ. ನಾಚಿಕೆ ಎಂದರೆ ಮುಖ ಕೆಂಪಾಗುವುದು ಎಂದುಕೊಂಡಿದ್ದೆ. ಅಲ್ಲ. ಕನ್ನಡಿಯೇ ಬೇಡವಾಗುವುದು.

ಮಾರ್ಚ್ ೧೯, ಬುಧವಾರ

ಹಾಳೆಯನ್ನು ಚೀಲದಲ್ಲಿಟ್ಟುಕೊಂಡು ಟೈಲರಣ್ಣನ ಅಂಗಡಿಗೆ ಹೋದೆ. ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡೇ ಹೋದೆ.

ಕತ್ತರಿಸುವ ಮೇಜಿನ ಹಿಂದೆ ಹೊಸಬ ನಿಂತಿದ್ದ. ಅಣ್ಣ ಬಾಗಿಲ ಪಕ್ಕದ ಸ್ಟೂಲಿನ ಮೇಲೆ, ತೊಡೆ ಮೇಲೊಂದು ಅಂಗಿ, ಗುಂಡಿ ಹಾಕುತ್ತಾ. ಕತ್ತಿನಲ್ಲಿ ಟೇಪು ಹಾಗೇ ಇದೆ, ಅಳೆಯಲು ಏನೂ ಇಲ್ಲದಿದ್ದರೂ. ಸೂಜಿಗೆ ದಾರವನ್ನು ಒಂದೇ ಸಲಕ್ಕೆ ಪೋಣಿಸಿದರು. ನಾನು ನೋಡಿದೆ.

"ಬಾ ತಂಗಿ, ಬಾ" ಎಂದು ಸ್ಟೂಲು ಬಿಟ್ಟುಕೊಟ್ಟು ತಾವು ಬಟ್ಟೆಯ ಗಂಟಿನ ಮೇಲೆ ಕೂತರು. ಟೀ ತರಿಸಿದರು. ಸಿಟ್ಟೇ ಇಲ್ಲ. ಸಿಟ್ಟು ಮಾಡಿದ್ದರೆ ಹೇಳುವುದು ಸುಲಭವಾಗುತ್ತಿತ್ತು. ಟೀ ಬಂದ ಮೇಲೆ ಅವರೇ ಮೆಲ್ಲಗೆ ಕೇಳಿದರು, "ಆ ಹಾಳೆ ನಿನ್ನ ಹತ್ರ ಇದೆಯಾ, ತಂಗಿ? ಜಗಳಕ್ಕಲ್ಲ. ಒಂದ್ಸಲ ನೋಡಬೇಕಿತ್ತು. ನನ್ನ ಕಣ್ಣು ಇದೆಯೋ ಹೋಗಿದೆಯೋ ಅಂತ ನನಗೆ ಗೊತ್ತಾಗಬೇಕಿತ್ತು, ಅಷ್ಟೇ."

ಹೊಸಬ ಕತ್ತರಿ ನಿಲ್ಲಿಸಿ ಈ ಕಡೆ ನೋಡಿದ. ಮಗ ಯಂತ್ರ ನಿಲ್ಲಿಸಿದ.

"ಹಳೇ ಹಾಳೆಗಳನ್ನೆಲ್ಲ ಹರಿದು ಹಾಕಿಬಿಟ್ಟೆ, ಅಣ್ಣ" ಎಂದೆ. ಚೀಲ ತೊಡೆಯ ಮೇಲಿತ್ತು.

"ಹೋಗಲಿ ಬಿಡು" ಎಂದು ಮತ್ತೆ ಅಂಗಿ ಎತ್ತಿಕೊಂಡರು. ಟೀ ಕುಡಿದು ಬಂದೆ.

ಮಾರ್ಚ್ ೨೧, ಶುಕ್ರವಾರ

ಏನೂ ಬರೆಯುವುದಿಲ್ಲ.

ಮಾರ್ಚ್ ೨೩, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಮೈ ಸರಿಯಿಲ್ಲವೆಂದು ಹೇಳಿಕಳಿಸಿದೆ. ತಂಗಿಯ ಮಗ ಆದರೂ ಬಂದ, ತಾನೇ ಅಡುಗೆ ಮಾಡಿದ. ಉಪ್ಪು ಜಾಸ್ತಿ. ನಾನು ಏನೂ ಅನ್ನಲಿಲ್ಲ, ಅದಕ್ಕೇ ಅವನಿಗೆ ಹೆದರಿಕೆಯಾಯಿತು.

"ದೊಡ್ಡಮ್ಮ, ನಾನು ಅವತ್ತು ಹೇಳಿದ್ದಕ್ಕೆ ಮನಸ್ಸಿಗೆ ಹಚ್ಕೊಂಡ್ರಾ? ನಕಲು, ತಪ್ಪು ಅಂತೆಲ್ಲ?"

ಇಲ್ಲ ಎಂದೆ. ಆಮೇಲೆ ಯಾಕೋ ಬಾಯಿಗೆ ಬಂತು: "ನೀನು ಏನನ್ನೂ ನಂಬಲ್ವಲ್ಲ. ಅದರಲ್ಲಿ ಒಂದಾದ್ರೂ ನಿಜವಾಗಿ ನಡೆದಿದ್ದು ಅಂತ ನಿನಗೆ ಅನ್ನಿಸುತ್ತಾ?"

ಅವನು ತಟ್ಟೆ ತೊಳೆಯುತ್ತಾ ಯೋಚಿಸಿದ. "ಅಂಗಳದ ಕಥೆ ನಿಜ ಅನ್ನಿಸುತ್ತೆ. ಪೇತ್ರನದು."

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ಇಟ್ಟೆ.

"ಯಾಕೆ ಅಂದ್ರೆ, ಕಟ್ಟಿ ಹೇಳೋರು ತಮ್ಮ ದೊಡ್ಡ ಮನುಷ್ಯನನ್ನ ಹೀಗೆ ಕಟ್ಟಲ್ಲ. ಆಮೇಲೆ ಅವನೇ ಅವರಿಗೆಲ್ಲ ಹಿರಿಯ ಆದ. ಅವನ ಮಾನ ಉಳಿಸಬೇಕು ಅಂದಿದ್ರೆ ಒಂದು ಸಾಲು ತೆಗೆದುಹಾಕಿದ್ರೆ ಸಾಕಿತ್ತು. ಆ ಅಂಗಳದಲ್ಲಿ ಅವನ ಕಡೆಯವನು ಅಂತ ಹೆಚ್ಚಂದ್ರೆ ಇನ್ನೊಬ್ಬ ಇದ್ದ. ಅವನೇ ಬಾಯಿಬಿಟ್ಟು ಹೇಳ್ಕೊಂಡಿರಬೇಕು ಅಂತ ಕಾಣುತ್ತೆ. ನಾಚಿಕೆ ಆಗೋ ಮಾತನ್ನ ಇಟ್ಕೊಂಡಿದ್ದಾರೆ ಅಂದ್ರೆ ಉಳಿದಿದ್ದನ್ನೂ ಸ್ವಲ್ಪ ಕಿವಿಗೊಟ್ಟು ಕೇಳ್ಬೇಕು ಅನ್ನಿಸುತ್ತೆ ನನಗೆ. ಅಕ್ಷರ ಸರಿ ಇದೆ ಅಂತಲ್ಲ."

ನಾನು ಅತ್ತೆ. ಅವನ ಮುಂದೆ ನಾನು ಅತ್ತದ್ದು ಅವನ ಅಮ್ಮ ಸತ್ತಾಗ, ಆಮೇಲೆ ಇವತ್ತೇ. ಖಾನೆಯಿಂದ ಹಾಳೆ ತೆಗೆದು ಅವನ ಒದ್ದೆ ಕೈಗೆ ಕೊಟ್ಟು, ನರ್ಸಮ್ಮನ ಪುಟದ ವಿಷಯವನ್ನೂ ಹೇಳಿದೆ. ಓದಿದ. ಉಪದೇಶ ಮಾಡಲಿಲ್ಲ, ಒಳ್ಳೆಯ ಹುಡುಗ. "ನಾನು ಬೈಕಿನಲ್ಲಿ ಬಿಡ್ಲಾ?" ಎಂದ ಅಷ್ಟೇ.

"ನಾಳಿದ್ದು" ಎಂದೆ.

ಮಾರ್ಚ್ ೨೫, ಮಂಗಳವಾರ

ನಡೆದೇ ಹೋದೆ. ಬೈಕಿನಲ್ಲಿ ಹೋದರೆ ಬೇಗ ತಲುಪಿಬಿಡುತ್ತೇನೆ.

ಅಂಗಡಿಯಲ್ಲಿ ಎಲ್ಲರೂ ಇದ್ದರು. ಕೂರಲಿಲ್ಲ. ಹಾಳೆ ತೆಗೆದು ಅಣ್ಣನ ಕೈಯಲ್ಲಿಟ್ಟೆ. "ಇದು ನಾನು ಕೊಟ್ಟ ಹಾಳೆ. ಓದಿ" ಎಂದೆ.

ಅವರು ಬಾಗಿಲ ಬೆಳಕಿಗೆ ಹೋಗಿ, ಹಾಳೆಯನ್ನು ಕೈಯಳತೆ ದೂರ ಹಿಡಿದು, ಬೆರಳಿಟ್ಟು ಓದಿದರು. ಅವರದೇ ಚುಕ್ಕಿಗಳ ಉದ್ದಕ್ಕೂ ಬೆರಳು ಇಳಿಯಿತು. ಆ ಜಾಗಕ್ಕೆ ಬಂದಾಗ ನಿಂತಿತು, ಹಿಂದೆ ಹೋಯಿತು, ಮತ್ತೆ ಬಂತು.

"ಇಲ್ಲ!" ಎಂದರು. ಮಗುವಿನ ಹಾಗೆ ಕೂಗಿಬಿಟ್ಟರು. "ಇಲ್ಲ ಕಣೋ! ನೋಡೋ, ಇಲ್ಲೂ ಇಲ್ಲ! ನನಗೆ ಕಾಣುತ್ತೆ ಕಣೋ!" ಮಗನ ಕೈಗೆ ಹಾಳೆ, ಸೊಸೆಯ ಕೈಗೆ ಹಾಳೆ, ಆ ಹೊಸಬನ ಕೈಗೂ ಹಾಳೆ. ನನ್ನ ಮೇಲೆ ಸಿಟ್ಟು ಮಾಡಬೇಕೆನ್ನುವುದೇ ಅವರಿಗೆ ಹೊಳೆಯಲಿಲ್ಲ. ಅಷ್ಟು ಸಂತೋಷವನ್ನು ನಾನು ಹತ್ತೊಂಬತ್ತು ದಿನ ಖಾನೆಯಲ್ಲಿ ಬಚ್ಚಿಟ್ಟಿದ್ದೆ.

ಸೊಸೆ ಮಾತ್ರ ನನ್ನನ್ನು ನೆಟ್ಟಗೆ ನೋಡಿದಳು. "ಅವತ್ತು ಬೇಕರಿ ಹತ್ರ ಕೇಳ್ದೆನಲ್ಲ, ಆಂಟಿ" ಎಂದಳು. "ಹೌದು" ಎಂದೆ.

ಆಮೇಲೆ ಅಣ್ಣ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು.

"ಆ ಭಾಗ ನನಗೆ ಬಾಯಿಪಾಠ, ತಂಗಿ. ಬರೆಯುವಾಗಲೇ ಗೊತ್ತಾಯ್ತು, ಒಂದು ಮಾತು ಇಲ್ಲ ಅಂತ. ಪೆನ್ನು ಎತ್ತಿ ಹಿಡ್ಕೊಂಡು ಎಷ್ಟೋ ಹೊತ್ತು ಕೂತೆ. ಬರೆದುಬಿಡೋಣ ಅನ್ನಿಸ್ತು. ಆದ್ರೆ ನೀನು ಹೇಳಿದ್ಯಲ್ಲ, ಬಾಯಿಪಾಠದಿಂದ ಬರೀಬೇಡಿ, ಸ್ವಂತ ಬುದ್ಧಿ ಓಡಿಸಬೇಡಿ, ಹಾಳೇಲಿ ಇದ್ದ ಹಾಗೇ ಬರೀರಿ ಅಂತ. ಬರ್ದೆ."

"ಹಾಗಾದ್ರೆ ಅವತ್ತೇ ಯಾಕೆ ಹೇಳಲಿಲ್ಲ, ಅಣ್ಣ?"

"ಹೇಳಿದೆನಲ್ಲ."

ಹೇಳಿದ್ದರು. ಎಲ್ಲರ ಮುಂದೆ ಹೇಳಿದ್ದರು. ನಾನೇ ಅದಕ್ಕೊಂದು ಚಟಾಕಿ ಹಾರಿಸಿ ನಗಿಸಿದ್ದೆ.

"ಆಮೇಲೆ ನನಗೇ ಅನುಮಾನ ಬಂತು. ಇಷ್ಟು ಓದಿದವಳು ತಪ್ಪು ಮಾಡ್ತಾಳಾ? ಇದ್ದಿರಬೇಕು, ನನ್ನ ಕಣ್ಣಿಗೇ ಬೀಳಲಿಲ್ಲ ಅಂದ್ಕೊಂಡೆ. ಕಾಣದೇ ಹೋಗಿದ್ದು ಕಾಣಲಿಲ್ಲ ಅಂತ ಗೊತ್ತಾಗೋದಾದ್ರೂ ಹೇಗೆ? ನನ್ನ ಮಗನೇನೂ ಕಿತ್ಕೊಳ್ಳಲಿಲ್ಲ. ಕತ್ತರಿ ನಾನೇ ತೆಗೆದು ಇವನ ಕೈಗೆ ಕೊಟ್ಟೆ."

ಮಗ ಒಳಗೆ ಹೋಗಿ ಕತ್ತರಿ ತಂದು ಅಪ್ಪನ ಪಕ್ಕದಲ್ಲಿಟ್ಟ. ಮೇಜಿನ ಮುಂದೆ ಹೊಸಬ ಇದ್ದಾನೆ. ಅವನನ್ನು ಕಳಿಸಲಾಗುವುದಿಲ್ಲ, ಅವನಿಗೂ ಮನೆಯಿದೆ. ಅಣ್ಣನಿಗೆ ಕಿಟಕಿಯ ಹತ್ತಿರ ಒಂದು ಹಲಗೆ ಹಾಕಿಕೊಟ್ಟರು, ಕೋಟಿನ ಒಳಗೆ ಹಾಕುವ ಅಸ್ತರದ ಬಟ್ಟೆ ಕತ್ತರಿಸಲು. ನನ್ನ ತಪ್ಪಿನಿಂದ ಹೋದದ್ದರಲ್ಲಿ ವಾಪಸು ಬಂದದ್ದು ಅಷ್ಟು.

ಮಾರ್ಚ್ ೨೭, ಗುರುವಾರ

ಪಾದ್ರಿಗಳಿಗೂ ನರ್ಸಮ್ಮನಿಗೂ ಹೇಳಿದೆ. ನರ್ಸಮ್ಮ ತಮ್ಮ ಪುಟವನ್ನು ಕಣ್ಣಿನ ಹತ್ತಿರ ಹಿಡಿದು "ನಿಜವಾಗಲೂ ನಾನೇ ಬರೆದ ಹಾಗಿದೆಯಲ್ಲಮ್ಮ" ಎಂದು ಬೆರಗಾದರು. ಬೈದಿದ್ದರೆ ಚೆನ್ನಾಗಿತ್ತು.

ಪಾದ್ರಿಗಳು, ನಮ್ಮ ನಮ್ಮಲ್ಲೇ ಇರಲಿ, ಎಲ್ಲರ ಮುಂದೆ ಬೇಡ ಎಂದರು. "ನಕ್ಕಿದ್ದು ಎಲ್ಲರ ಮುಂದೆ, ಅಯ್ಯನವರೇ" ಎಂದೆ. ತಾವೂ ನಕ್ಕದ್ದು ಅವರಿಗೆ ನೆನಪಾಯಿತೇನೋ, ಒಪ್ಪಿದರು. ನಾನು ಬರೆದ ಪುಟವನ್ನು ತೆಗೆದು ಟೈಲರಣ್ಣನ ಪುಟವನ್ನೇ ಪುಸ್ತಕದಲ್ಲಿ ಹಾಕುವುದು, ಬಿಟ್ಟುಹೋದ ವಾಕ್ಯವನ್ನು ಅಣ್ಣನೇ ಅಂಚಿನಲ್ಲಿ ಬರೆಯುವುದು ಎಂದು ತೀರ್ಮಾನವಾಯಿತು.

ಹಳೇ ಕಾಲದಲ್ಲಿ ನಕಲು ಮಾಡುವವರು ಕೊನೆಯ ಪುಟದಲ್ಲಿ ತಮ್ಮ ಮಾತು ನಾಲ್ಕು ಸಾಲು ಬರೆದು ತಪ್ಪಿಗೆ ಕ್ಷಮೆ ಕೇಳುತ್ತಿದ್ದರಂತೆ, ತಂಗಿಯ ಮಗ ಹೇಳಿದ. ನಾನೂ ಬರೆಯುತ್ತೇನೆ.

ಏಪ್ರಿಲ್ ೪, ಶುಕ್ರವಾರ

ಕೊನೆಯ ಪುಟವನ್ನು ಎಂಟು ಸಲ ಬರೆದು ಹರಿದೆ. ಒಂಬತ್ತನೆಯದು ಸರಿಯೆನಿಸಿತು. ಈ ಸಲ ಬುದ್ಧಿ ಬಂದಿದೆ, ನಾನೇ ತಿದ್ದಿಕೊಳ್ಳಲಿಲ್ಲ. ಟೈಲರಣ್ಣನ ಅಂಗಡಿಗೆ ಒಯ್ದೆ. ಪ್ರೆಸ್ಸಿನ ಕ್ರಮದ ಹಾಗೆ, ನಾನು ಗಟ್ಟಿಯಾಗಿ ಓದಿದೆ, ಅವರು ನನ್ನ ಪುಟದ ಮೇಲೆ ಬೆರಳಿಟ್ಟು ನೋಡುತ್ತಾ ಬಂದರು.

"ಪೇತ್ರನ ಭಾಗದಲ್ಲಿ ಒಂದು ವಾಕ್ಯ ಬಿಟ್ಟದ್ದು ಬರೆದವರಲ್ಲ. ಅವರ ಮುಂದಿದ್ದ ಹಾಳೆಯಲ್ಲೇ ಅದು ಇರಲಿಲ್ಲ. ಆ ಹಾಳೆ ಮಾಡಿದವಳು ನಾನು. ತಪ್ಪಿಲ್ಲದ ಒಬ್ಬರನ್ನು ಎಲ್ಲರೆದುರು ನಗೆಪಾಟಲು ಮಾಡಿದೆ. ಗೊತ್ತಾದ ಮೇಲೆ ಇನ್ನೊಬ್ಬರ ಅಕ್ಷರದಲ್ಲಿ ಬರೆದು ಮುಚ್ಚಿದೆ. ಎರಡು ಸಲ ಸುಳ್ಳು ಹೇಳಿದೆ, ಪಾದ್ರಿಗಳ ಮುಂದೆ ಒಮ್ಮೆ, ಟೈಲರಣ್ಣನ ಸೊಸೆಯ ಮುಂದೆ ಒಮ್ಮೆ. ಓದುವವರು ಕ್ಷಮಿಸಬೇಕು."

ಅಣ್ಣನ ಬೆರಳು ಕೊನೆಯ ಸಾಲಿನ ಹಿಂದೆಯೇ ನಿಂತಿತ್ತು.

"ಇದರಲ್ಲೂ ಒಂದು ಸಾಲು ಬಿಟ್ಟುಹೋಗಿದೆ, ತಂಗಿ."

ಎಲ್ಲಿ ಎಂದು ಪುಟ ಎಳೆದುಕೊಂಡು ನೋಡಿದೆ. ಅಕ್ಷರ ನೋಡಿದೆ, ಪದ ನೋಡಿದೆ. ಯಾವುದೂ ಬಿಟ್ಟಿರಲಿಲ್ಲ. ಅವರು ಬಾಗಿಲ ಪಕ್ಕದ ಸ್ಟೂಲಿನ ಕಡೆ ನೋಡಿದರು. ಅವತ್ತು ನಾನು ಕೂತಿದ್ದ ಸ್ಟೂಲು. ಆಮೇಲೆ ನನ್ನ ತೊಡೆಯ ಮೇಲಿದ್ದ ಚೀಲ ನೋಡಿದರು.

ದೇವರೇ. ಅದನ್ನು ನಾನು ಬೇಕೆಂದು ಬಿಟ್ಟದ್ದಲ್ಲ. ಮರೆತದ್ದು. ನಿಜವಾಗಿಯೂ ಮರೆತಿದ್ದೆ. ಮನೆಗೆ ಬಂದು ಈ ಡೈರಿಯಲ್ಲಿ ಮಾರ್ಚ್ ಹತ್ತೊಂಬತ್ತನೆಯ ತಾರೀಖಿನ ಪುಟ ತೆಗೆದು ನೋಡಿದೆ. ಎಲ್ಲ ಬರೆದಿದ್ದೇನೆ, ಟೀ ಕುಡಿದದ್ದನ್ನೂ. ಸುಳ್ಳು ಎಂಬ ಪದ ಒಂದು ಬರೆದಿಲ್ಲ.

ಅಂಗಡಿಯಲ್ಲೇ ಪೆನ್ನು ತೆಗೆದು ಅಣ್ಣನ ಕೈಗೆ ಕೊಟ್ಟಿದ್ದೆ. "ಹರಿದು ಹಾಕಿದೆ ಅಂದಾಗ ಹಾಳೆ ಈ ಚೀಲದಲ್ಲೇ ಇತ್ತು, ಅಣ್ಣ. ನನ್ನ ಕೈಯಲ್ಲಾಗಲ್ಲ, ನೀವೇ ಬರೀರಿ" ಎಂದಿದ್ದೆ. ಅವರು ಹಲಗೆಯ ಮೇಲೆ ಪುಟವಿಟ್ಟು, ಅಂಚಿನಲ್ಲಿ, ಒತ್ತಾಗಿ, ನೇರವಾಗಿ ಬರೆದರು. ಓದಿ ನೋಡುವ ಧೈರ್ಯ ಬರಲಿಲ್ಲ. ಮಡಿಕೆ ಬೀಳದ ಹಾಗೆ ರಟ್ಟಿನ ನಡುವೆ ಇಟ್ಟುಕೊಟ್ಟರು.

ಏಪ್ರಿಲ್ ೬, ಭಾನುವಾರ

ಪುಸ್ತಕ ಒಪ್ಪಿಸಿದ್ದಾಯಿತು. ಎಲ್ಲರ ಮುಂದೆ ಕೊನೆಯ ಪುಟ ಓದಿದೆ. ಮುಂದಿನ ಬೆಂಚು ಹಿಡಿದುಕೊಂಡೇ ನಿಂತೆ. ಯಾರೂ ನಗಲಿಲ್ಲ. ಟೈಲರಣ್ಣ ಸೊಸೆಯ ಪಕ್ಕದಲ್ಲಿ ಕೂತಿದ್ದರು, ಕತ್ತಿನಲ್ಲಿ ಟೇಪು, ತೆಗೆದಿಟ್ಟು ಬರಲು ಮರೆತಿದ್ದರು.

ಎರಡು ಸಲ ಸುಳ್ಳು ಹೇಳಿದೆ ಎಂಬಲ್ಲಿಗೆ ಬಂದೆ. ಎರಡು ಎನ್ನುವುದನ್ನು ಅವರು ಹೊಡೆದು ಮೂರು ಮಾಡಿದ್ದರು. ಅಂಚಿನಲ್ಲಿ ಅವರ ಅಕ್ಷರ: "ಹಾಳೆ ಇಲ್ಲ ಎಂದು ಟೈಲರನ ಮುಂದೆ ಒಮ್ಮೆ. ಆಗ ಹಾಳೆ ಇವಳ ಚೀಲದಲ್ಲಿತ್ತು. ಆಮೇಲೆ ಇವಳೇ ತಂದುಕೊಟ್ಟಳು."

ಕೊನೆಯ ವಾಕ್ಯ ನಾನು ಕೇಳಿರಲಿಲ್ಲ. ಬಿಟ್ಟುಬಿಡೋಣ ಎನಿಸಿತು, ಅದನ್ನು ಓದಿಕೊಳ್ಳಲು ನನಗೆ ಇನ್ನೂ ನಾಚಿಕೆ. ಬಿಡಲಿಲ್ಲ. ಹಾಳೆಯಲ್ಲಿ ಇದ್ದ ಹಾಗೇ ಓದಿದೆ.